ಚೌಳು ಮಣ್ಣಿನ ಮಾಳಿಗೆ

ಚೌಳು ನೆಲದಲ್ಲಿ ಬೆಳೆ ಏಳುವುದಿಲ್ಲ. ಬಿತ್ತಿದ ಶೇಂಗಾ ಕಮರಿಹೋಗುತ್ತದೆ, ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳನೆಯ ಪೊರೆ ಕಟ್ಟುತ್ತದೆ. ರೈತ ಕೈಬಿಟ್ಟ ಇಂಥ ನೆಲವನ್ನೇ ಹುಡುಕಿಕೊಂಡು ಮುಂಗಾರಿಗೆ ಮುಂಚೆ ಎತ್ತಿನ ಗಾಡಿಗಳು ಹೋಗುತ್ತಿದ್ದವು. ಚಳ್ಳಕೆರೆ, ನಾಯಕನಹಟ್ಟಿ, ಮೊಳಕಾಲ್ಮುರು ಸೀಮೆಯ ಮಾಳಿಗೆ ಮನೆಗಳನ್ನು ಮಳೆಯಿಂದ ಕಾಯುತ್ತಿದ್ದದ್ದು ಈ ಮಣ್ಣೇ.

ಹೊಲಕ್ಕೆ ಶಾಪವಾದ ಗುಣವೇ ಮಾಳಿಗೆಗೆ ವರ. ಚೌಳಿನಲ್ಲಿ ಸೋಡಿಯಂ ಹೆಚ್ಚು. ನೀರು ಬಿದ್ದೊಡನೆ ಅದರ ಜೇಡಿಕಣಗಳು ಬಿಡಿಬಿಡಿಯಾಗಿ, ಮಣ್ಣಿನೊಳಗಿನ ಸಣ್ಣ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಮೇಲಿನ ಪದರ ಮಾತ್ರ ನೆನೆಯುತ್ತದೆ. ಉಳಿದ ನೀರು ಇಳಿಜಾರು ಹಿಡಿದು ದೋಣಿಯ ಬಾಯಿಂದ ಬೀದಿಗೆ ಬೀಳುತ್ತದೆ. ಸಿಮೆಂಟು ಕಾಣದ ಕಾಲದಲ್ಲಿ ಇದನ್ನು ಕಂಡುಕೊಂಡವರ ಹೆಸರು ಯಾವ ಶಾಸನದಲ್ಲೂ ಇಲ್ಲ. ಆದರೆ ಚಿತ್ರದುರ್ಗದಿಂದ ಬಳ್ಳಾರಿಯವರೆಗೆ, ಗಡಿಯಾಚೆ ರಾಯಲಸೀಮೆಯಲ್ಲೂ ಊರಿಗೆ ಊರೇ ಈ ತಿಳಿವಳಿಕೆಯ ಕೆಳಗೆ ತಲೆಮಾರುಗಳ ಕಾಲ ಮಲಗಿ ಎದ್ದಿದೆ.

ಮಾಳಿಗೆಯ ಕಟ್ಟಡಕ್ಕೆ ಒಂದು ಕ್ರಮವಿತ್ತು. ಕಂಬದ ತಲೆಗೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯಿಂದ ತೊಲೆಗೆ ಜಂತೆ. ಜಂತೆಗಳ ಮೇಲೆ ಒತ್ತೊತ್ತಾಗಿ ಕಟ್ಟಿಗೆ ಇಲ್ಲವೇ ಬಿದಿರ ದಬ್ಬೆ. ಅದರ ಮೇಲೆ ತಂಗಡಿಯಂಥ ಗಿಡದ ಸೊಪ್ಪುಕಡ್ಡಿ ಹಾಸಿ, ಕಲಸಿದ ಮಣ್ಣು ಮೆತ್ತಿ, ಬಡಿದು ಗಟ್ಟಿಮಾಡಿ, ಕೊನೆಗೆ ಚೌಳು ಹರಡುತ್ತಿದ್ದರು. ನಡುಮನೆಯ ನೆತ್ತಿಯಲ್ಲೊಂದು ಗವಾಕ್ಷಿ. ಹಗಲು ಬೆಳಕು ಕೆಳಗಿಳಿಯುವುದೂ ಅಡುಗೆಯ ಹೊಗೆ, ಮನೆಯ ಬಿಸಿಗಾಳಿ ಮೇಲೇರಿ ಹೊರಹೋಗುವುದೂ ಅದರಿಂದಲೇ. ಮಳೆ ಬಂದರೆ ಮನೆಯವರಲ್ಲೊಬ್ಬರು ಓಡಿಹೋಗಿ ಚಪ್ಪಡಿ ಮುಚ್ಚಬೇಕು.

ಇಲ್ಲಿನ ಹವೆಯೇ ಇಂಥ ಮನೆಯನ್ನು ಬೇಡುತ್ತಿತ್ತು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಮೊಳಕಾಲ್ಮುರೂ ಸೇರಿವೆ. ವರ್ಷದ ಮಳೆ 500 ಮಿ.ಮೀ. ಆಸುಪಾಸು. ಮಲೆನಾಡಿನ ಹಾಗೆ ಇಳಿಜಾರು ಮಾಡು ಕಟ್ಟುವ ಅಗತ್ಯ ಇಲ್ಲಿ ಬೀಳಲಿಲ್ಲ. ಕಾಡಿದ್ದು ಬಿಸಿಲು. ಫಾಲ್ಗುಣದಲ್ಲಿ ತಿಪ್ಪೇರುದ್ರಸ್ವಾಮಿಯ ದೊಡ್ಡ ರಥ ಹರಿಯುವ ಹೊತ್ತಿಗೆ ನಾಯಕನಹಟ್ಟಿಯ ನೆಲ ಕಾದಿರುತ್ತದೆ, ಅಲ್ಲಿಂದ ಎರಡು ತಿಂಗಳು ಕಾವು ಏರುತ್ತಲೇ ಹೋಗುತ್ತದೆ. ದಪ್ಪ ಮಣ್ಣಿನ ಮಾಳಿಗೆಯನ್ನು ತೂರಿ ಮಧ್ಯಾಹ್ನದ ಕಾವು ಒಳಗಿಳಿಯಲು ಹಲವು ಗಂಟೆ ಬೇಕು. ಅದು ಕೆಳಗೆ ಮುಟ್ಟುವಷ್ಟರಲ್ಲಿ ಹೊರಗೆ ಇರುಳ ಗಾಳಿ ತಂಪಾಗಿರುತ್ತದೆ, ಮನೆಮಂದಿ ಚಾಪೆ ಸುತ್ತಿಕೊಂಡು ಮಾಳಿಗೆ ಹತ್ತಿರುತ್ತಾರೆ. ಹಗಲಿಗೆ ಕೆಳಗೆ, ರಾತ್ರಿಗೆ ಮೇಲೆ: ಮನೆಯನ್ನು ಬಳಸುವ ಈ ರೂಢಿಯೂ ತಂಪಿನ ಏರ್ಪಾಡಿನ ಒಂದು ಭಾಗ.

ಚಳಿಗಾಲದಲ್ಲಿ ಬೆಚ್ಚಗಿಡುವ ಕೆಲಸವನ್ನು ಗೋಡೆಗಿಂತ ಹೆಚ್ಚಾಗಿ ನೋಡಿಕೊಂಡದ್ದು ಕಂಬಳಿ. ಚಳ್ಳಕೆರೆ ಸೀಮೆಯ ಕುರುಬರು ಕುರಿಯ ತುಪ್ಪಟ ಕತ್ತರಿಸಿ, ನೂತು, ಹುಣಸೆಬೀಜದ ಸರಿ ಹಚ್ಚಿ ನೇಯುವ ಕರಿಕಂಬಳಿಗೆ ದೂರದೂರದಿಂದ ಗಿರಾಕಿಗಳು ಬರುತ್ತಿದ್ದರು. ಕುರಿ ಮೇಯುತ್ತಿದ್ದದ್ದು ಅಮೃತಮಹಲ್ ಕಾವಲುಗಳ ಹುಲ್ಲುಗಾವಲಿನಲ್ಲಿ. ಇಡೀ ಮನೆಯನ್ನು ಕಾಯಿಸುವ ಬದಲು ಮೈಯೊಂದನ್ನೇ ಬೆಚ್ಚಗಿಡುವ ಉಪಾಯ ಇದು. ವರ್ಷದಲ್ಲಿ ಕೆಲವೇ ವಾರ ಚಳಿ ಕಾಣುವ ಊರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇರಲಿಲ್ಲ.

ಮೊಳಕಾಲ್ಮುರಿನ ರೇಷ್ಮೆ ನೇಕಾರರಿಗೆ ತಂಪಿನ ಜೊತೆ ತೇವವೂ ಬೇಕಿತ್ತು. ಒಣಗಾಳಿಯಲ್ಲಿ ಎಳೆ ಬಿರುಸಾಗಿ ಪಟಪಟನೆ ಕಡಿಯುತ್ತದೆ. ನೆಲಕ್ಕೆ ಹತ್ತಿರವಾಗಿ ಹಾಸು ಹರಡಿಕೊಂಡ ಗುಣಿಮಗ್ಗಕ್ಕೆ ಗುಣಿಯ, ಮಣ್ಣುನೆಲದ, ಮಣ್ಣುಗೋಡೆಯ ತೇವ ಆಸರೆ. ದೂರದ ಅಮೆರಿಕದಲ್ಲೂ ಹವಾನಿಯಂತ್ರಣದ ಹುಟ್ಟಿಗೆ ಇಂಥದೇ ತೊಂದರೆ ಕಾರಣವಾಯಿತು. 1902ರಲ್ಲಿ ವಿಲಿಸ್ ಕ್ಯಾರಿಯರ್ ತನ್ನ ಯಂತ್ರವನ್ನು ರೂಪಿಸಿದ್ದು ಬ್ರೂಕ್ಲಿನ್ನಿನ ಅಚ್ಚುಕೂಟವೊಂದರಲ್ಲಿ ಕಾಗದ ತೇವಕ್ಕೆ ಹಿಗ್ಗಿ ಕುಗ್ಗುವುದನ್ನು ತಪ್ಪಿಸಲು. 1906ರ ಹೊತ್ತಿಗೆ ಸ್ಟುವರ್ಟ್ ಕ್ರೇಮರ್ ನೂಲಿನ ಗಿರಣಿಗಳ ಗಾಳಿಗೆ ತೇವ ಕೂಡಿಸುವ ಕೆಲಸದಲ್ಲಿದ್ದ. ಮನುಷ್ಯರ ಸುಖದ ಮಾತು ಬಂದದ್ದು ಆಮೇಲೆ.

ಮಾಳಿಗೆಗೆ ದೋಷಗಳಿರಲಿಲ್ಲವೆಂದಲ್ಲ. ವರ್ಷ ವರ್ಷವೂ ಚೌಳು ಹೊರಬೇಕು, ಹುಲ್ಲು ಕೀಳಬೇಕು, ಬಿರುಕು ಮುಚ್ಚಬೇಕು. ಒಂದು ವರ್ಷ ತಪ್ಪಿದರೆ ಮಳೆನೀರು ಜಂತೆಗೆ ಇಳಿಯುತ್ತದೆ, ಹಿಂದೆಯೇ ಗೆದ್ದಲು ಬರುತ್ತದೆ. ಬಿರುಮಳೆಯನ್ನು ಹೇಗೋ ತಡೆದುಕೊಳ್ಳುವ ಮಾಳಿಗೆ ದಿನಗಟ್ಟಲೆ ಹಿಡಿದ ಜಡಿಮಳೆಗೆ ಸೋಲುತ್ತದೆ. ನೆನೆದ ಮಣ್ಣಿನ ಭಾರಕ್ಕೆ ತೊಲೆ ಮುರಿದರೆ ಕೆಳಗೆ ಮಲಗಿದವರ ಜೀವಕ್ಕೇ ಕುತ್ತು. 1933ರ ನಂತರ ಮೊದಲ ಬಾರಿಗೆ ವಾಣಿವಿಲಾಸ ಸಾಗರ ಕೋಡಿ ಬಿದ್ದ 2022ರಂಥ ಮಳೆಗಾಲದಲ್ಲಿ ಇಂಥ ಮನೆಯಲ್ಲಿ ಕಣ್ಣು ಮುಚ್ಚುವುದು ಸುಲಭದ ಮಾತಲ್ಲ. ಹೊಸ ತೊಲೆಗೆ ಮರವಿಲ್ಲ, ಚೌಳು ಹೊರಲು ಮನೆಯಲ್ಲಿ ಆಳಿಲ್ಲ. ಆ ಕೆಲಸದಲ್ಲಿ ದೊಡ್ಡ ಪಾಲು ಹೆಂಗಸರದೇ ಆಗಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಸರ್ಕಾರದ ಲೆಕ್ಕದಲ್ಲೂ ಮಣ್ಣಿನ ಮಾಳಿಗೆಗೆ ಜಾಗವಿರಲಿಲ್ಲ. ಜನಗಣತಿಯ ಪಟ್ಟಿಯಲ್ಲಿ ಮಣ್ಣು ಶಾಶ್ವತ ಚಾವಣಿ ಅಲ್ಲ. 1985ರಲ್ಲಿ ಇಂದಿರಾ ಆವಾಸ್ ಯೋಜನೆ ಶುರುವಾದ ಮೇಲೆ ಪಕ್ಕಾ ಮನೆಗೆ ಹಣ ಸಿಗತೊಡಗಿತು. ಪಕ್ಕಾ ಎಂದರೆ ಆರ್‌ಸಿಸಿ, ಅದಾಗದಿದ್ದರೆ ಶೀಟು. ಬಡವರ ತಲೆಯ ಮೇಲೆ ಸೋರದ ಸೂರು ಬಂದದ್ದು ದೊಡ್ಡ ಸಂಗತಿ, ಅದನ್ನು ಹಗುರ ಮಾಡಬಾರದು. ಆದರೆ ನಾಲ್ಕೈದು ಇಂಚಿನ ತಾರಸಿ ಹಗಲೆಲ್ಲ ಬಿಸಿಲು ಹೀರಿ, ಮಲಗುವ ಹೊತ್ತಿಗೆ ಸರಿಯಾಗಿ ಅದನ್ನು ಕೆಳಗೆ ಬಿಡುತ್ತದೆ. ಶೀಟಿನ ಮನೆ ಮಧ್ಯಾಹ್ನವೇ ಬೇಯಿಸುತ್ತದೆ. ಸೋರಿಕೆ ನಿಲ್ಲಿಸಲು ಮಾಡಿಕೊಂಡ ಬದಲಾವಣೆಯಲ್ಲಿ ತಂಪು ಹೊರಟುಹೋಯಿತು. ಹಾಗೆ ಹೋದದ್ದರ ಜಾಗಕ್ಕೆ ಫ್ಯಾನು ಬಂತು, ಈಗ ಕೂಲರ್, ಎ.ಸಿ. ಬರುತ್ತಿವೆ.

ನಡುವೆ ಇನ್ನೊಂದು ದಾರಿಯೂ ತೆರೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರು ಹುಟ್ಟುಹಾಕಿದ ‘ಅಸ್ತ್ರ’ ತಂಡದ ಹೆಸರು ಕೇಳಿದರೆ ಜನರಿಗೆ ನೆನಪಾಗುವುದು ಅಸ್ತ್ರ ಒಲೆ. ಅದೇ ಬಳಗದ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ, ಸುಡದ ಇಟ್ಟಿಗೆಯನ್ನು ಬಳಕೆಗೆ ತಂದರು. ಇಂಥ ಇಟ್ಟಿಗೆಯ ಮನೆಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಅದೇ ಸಂಸ್ಥೆ ಇಂದು ನಾಯಕನಹಟ್ಟಿಗೆ ಹತ್ತಿರದ ಕುದಾಪುರದಲ್ಲಿ ಸುಮಾರು 1,500 ಎಕರೆ ಆವರಣ ಹೊಂದಿದೆ. ಆ ಜಾಗ ಅಮೃತಮಹಲ್ ಕಾವಲಿನದು. ಅಲ್ಲೂ ಸುತ್ತಮುತ್ತಲೂ ಬೇರೆ ಬೇರೆ ಸಂಸ್ಥೆಗಳಿಗೆ ಸಾವಿರಾರು ಎಕರೆ ಹೋದ ಮೇಲೆ ಕುರಿಗಾಹಿಗಳ ಮೇವಿನ ನೆಲ ಕುಗ್ಗಿದೆ. ಕಂಬಳಿ ನೇಯುವವರ ಕಷ್ಟದಲ್ಲಿ ಅದರ ಪಾಲೂ ಇದೆ.

ಹೊಸದಾಗಿ ತಂಪು ಹುಡುಕುತ್ತಿರುವ ಮನೆಗಳಿಗೆ ಈ ಸೀಮೆಯ ಒಣಹವೆ ಈಗಲೂ ಒಂದು ಅನುಕೂಲ ಉಳಿಸಿದೆ. ಕೂಲರ್ ತಂಪು ಕೊಡುವುದು ನೀರು ಆರುವಾಗ ಗಾಳಿಯ ಕಾವು ಹೀರುವುದರಿಂದ. ಹಾಗಾಗಿ ತೇವಗಾಳಿಯ ಕರಾವಳಿಯಲ್ಲಿ ಅದು ಕೆಲಸಕ್ಕೆ ಬಾರದು, ಚಳ್ಳಕೆರೆಯ ಏಪ್ರಿಲ್‌ನಲ್ಲಿ ಚೆನ್ನಾಗಿ ದುಡಿಯುತ್ತದೆ. ಕೊಳವೆಬಾವಿ ಬತ್ತಿದ ಊರಿನಲ್ಲಿ ಮಾತ್ರ ನೀರೇ ಸಮಸ್ಯೆ. ಹಳೆಯ ಫ್ಯಾನು ಸುಮಾರು 75 ವಾಟ್ ತಿಂದರೆ ಹೊಸ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು ಸಾಕು. ಎ.ಸಿ. ರಾತ್ರಿಯಿಡೀ ಓಡಿದರೆ ಗೃಹಜ್ಯೋತಿಯ ಉಚಿತ ವಿದ್ಯುತ್ತಿನ 200 ಯೂನಿಟ್ ಗಡಿ ದಾಟುವುದು ಕಷ್ಟವಲ್ಲ. ಇವೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಚಾವಣಿ. ಬಿಸಿಲನ್ನು ತಿರುಗಿಸಿ ಕಳಿಸುವ ಬಿಳಿ ತಾರಸಿಗೆಂದೇ ತೆಲಂಗಾಣ 2023ರಲ್ಲಿ ಒಂದು ನೀತಿ ತಂದಿತು. ನಾಯಕನಹಟ್ಟಿಯಲ್ಲಿ ಅಂಥ ತಾರಸಿಗೆ ಬೇಕಾದದ್ದು ಒಂದು ಚೀಲ ಸುಣ್ಣ, ಅಂಟು, ಪೊರಕೆ, ಒಂದು ಬೆಳಗಿನ ಕೆಲಸ. ಮಳೆಗೆ ತೊಳೆದುಹೋದರೆ ಮುಂದಿನ ವರ್ಷ ಯುಗಾದಿಗೆ ಮುಂಚೆ ಮತ್ತೆ ಬಳಿಯಬೇಕು.