ಹೊನ್ನು, ಹೂನ್, ಹೂಣ: ಕಲ್ಯಾಣದ ಸೀಮೆಯ ಒಂದು ಶಬ್ದವಿಚಾರ

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ಕನ್ನಡ, ಮರಾಠಿ, ಉರ್ದು ಈ ಮೂರು ಭಾಷೆಗಳೂ ಒಟ್ಟಿಗೆ ಕಿವಿಗೆ ಬೀಳುವುದು ಸರ್ವವಿದಿತವಾದ ಸಂಗತಿ. ‘ಕಲ್ಯಾಣಹೂನ್ ಆಲೋ’ ಎಂದು ಮರಾಠಿಯವರು ಹೇಳಿದರೆ ‘ಕಲ್ಯಾಣದಿಂದ ಬಂದೆವು’ ಎಂದರ್ಥ. ಉರ್ದುವಿನ ಹಳೆಯ ನುಡಿಗಟ್ಟುಗಳಲ್ಲಿ ‘ಹುನ್’ ಎಂದರೆ ಚಿನ್ನದ ನಾಣ್ಯ. ಬೀದರಿನ ನಾನಕ ಝೀರಾಕ್ಕೆ ಬರುವ ಪಂಜಾಬಿನ ಯಾತ್ರಿಕರ ಬಾಯಲ್ಲಿ ‘ಹುಣ್’ ಎಂಬುದಕ್ಕೆ ‘ಈಗ’ ಎಂಬ ಅರ್ಥ. ಇನ್ನು ಇತಿಹಾಸದ ವಿದ್ಯಾರ್ಥಿಗೋ, ಈ ಧ್ವನಿ ಕೇಳಿದೊಡನೆ ನೆನಪಿಗೆ ಬರುವವರು ತೋರಮಾಣ, ಮಿಹಿರಕುಲರ ಹೂಣರು.

ಇಂಥ ಧ್ವನಿಸಾಮ್ಯವು ವಿನೋದಕ್ಕೆ ಮಾತ್ರ ವಿಷಯವಾಗಿದ್ದರೆ ನಾವು ಇಲ್ಲಿ ಅದನ್ನು ಪ್ರಸ್ತಾಪಿಸುತ್ತಿರಲಿಲ್ಲ. ಆದರೆ ದಖ್ಖನದ ಪಾರಸಿ ಗ್ರಂಥಗಳಲ್ಲಿ ಕಾಣುವ ‘ಹೂನ್’ ಎಂಬ ನಾಣ್ಯವು ಹೂಣರು ತಂದುದೆಂದು ಉತ್ತರಪತ್ರಿಕೆಗಳಲ್ಲಿ ಬರೆದುದನ್ನು ನಾವು ಒಂದೆರಡು ಸಲವಲ್ಲ, ಅನೇಕ ಸಲ ಕಂಡಿದ್ದೇವೆ. ಹೀಗೆ ಬರೆದಾಗ ಕನ್ನಡ ನಾಡಿನ ಆರ್ಥಿಕ ಚರಿತ್ರೆಯ ಒಂದು ದೊಡ್ಡ ಸಾಕ್ಷ್ಯವನ್ನೇ ನಾವು ಪರರಿಗೆ ಒಪ್ಪಿಸಿಬಿಟ್ಟಂತಾಗುತ್ತದೆ.

ಮೊದಲು ಸಂಬಂಧವಿಲ್ಲದವುಗಳನ್ನು ಬೇರ್ಪಡಿಸೋಣ. ಪಂಜಾಬಿಯ ‘ಹುಣ್’ ಸಂಸ್ಕೃತದ ‘ಅಧುನಾ’ ಎಂಬುದರ ತದ್ಭವ. ಮರಾಠಿಯ ‘ಹೂನ್’ ಪ್ರಾಕೃತದ ಮೂಲಕ ಬಂದ ವಿಭಕ್ತಿಸೂಚಕ. ಚಿನ್ನಕ್ಕೂ ಅದಕ್ಕೂ ಯಾವ ನಂಟೂ ಇಲ್ಲ. ಹೂಣರಾದರೋ 5-6ನೆಯ ಶತಮಾನಗಳಲ್ಲಿ ಉತ್ತರ ಭಾರತವನ್ನು ಕಾಡಿದವರು. ಸ್ಕಂದಗುಪ್ತನ ಭಿತರಿ ಶಾಸನದಲ್ಲಿ ಅವರ ಹೆಸರಿದೆ. ಯಶೋಧರ್ಮನ ಮಂದಸೋರ್ ಸ್ತಂಭಶಾಸನದಲ್ಲಿ ಮಿಹಿರಕುಲನು ತಲೆಬಾಗಿದ ಮಾತಿದೆ. 973ರಲ್ಲಿ ತೈಲಪನು ಚಾಲುಕ್ಯ ರಾಜ್ಯವನ್ನು ಪುನಃ ಸ್ಥಾಪಿಸುವ ಹೊತ್ತಿಗೆ ಅವರ ಪ್ರಾಬಲ್ಯವಡಗಿ ನಾಲ್ಕು ಶತಮಾನಗಳು ಕಳೆದಿದ್ದವು.

ಉಳಿದದ್ದು ನಾಣ್ಯದ ಹೆಸರು. ತಮಿಳು ಮಲಯಾಳಗಳಲ್ಲಿ ‘ಪೊನ್’, ತೆಲುಗಿನಲ್ಲಿ ‘ಪೊನ್ನು’, ಹಳಗನ್ನಡದಲ್ಲಿಯೂ ‘ಪೊನ್’. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ದತ್ತಿ, ಸುಂಕ, ದಂಡಗಳ ಲೆಕ್ಕವೆಲ್ಲ ಗದ್ಯಾಣ, ಪೊನ್, ಪಣ, ಹಾಗ, ವೀಸಗಳಲ್ಲಿ ನಡೆಯುತ್ತದೆ. ಲೊಕ್ಕಿಗುಂಡಿಯ, ಎಂದರೆ ಇಂದಿನ ಲಕ್ಕುಂಡಿಯ, ಟಂಕಸಾಲೆಯ ಗದ್ಯಾಣ ಬಹು ಪ್ರಸಿದ್ಧವಾಗಿತ್ತು. ಕಾಲಕ್ರಮದಲ್ಲಿ ಕನ್ನಡದ ಪದಾದಿಯ ಪಕಾರವು ಹಕಾರವಾಯಿತು: ಪಾಲು ಹಾಲಾಯಿತು, ಪೂ ಹೂವಾಯಿತು, ಪೊನ್ ಹೊನ್ನಾಯಿತು. ವಚನಗಳು ಇಂದು ನಮಗೆ ದೊರೆತಿರುವ ಪಾಠಗಳಲ್ಲಿ ‘ಹೊನ್ನು’ ಎಂದೇ ಇದೆ. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರೆಂಬ ಪರಂಪರೆಯನ್ನು ನೆನೆದರೆ, ಕಲ್ಯಾಣದ ಭಂಡಾರದಲ್ಲಿ ಈ ಶಬ್ದ ದಿನನಿತ್ಯದ್ದಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ವಾದದ ಗಟ್ಟಿ ನೆಲೆ ಈ ಹಕಾರವೇ. ನೆರೆಯ ದ್ರಾವಿಡ ಭಾಷೆಗಳಾದ ತೆಲುಗು ತಮಿಳುಗಳು ಪಕಾರವನ್ನು ಉಳಿಸಿಕೊಂಡಿವೆ. ಆದ್ದರಿಂದ ಮರಾಠಿಗೆ ‘ಹೋನ್’ ಎಂದೂ ದಖ್ಖನಿ, ಪಾರಸಿಗಳಿಗೆ ‘ಹೂನ್’ ಎಂದೂ ಹಕಾರದೊಡನೆ ಹೋದ ಶಬ್ದವು ಕನ್ನಡದಿಂದಲೇ ಹೋಗಿರಬೇಕು. ಅದೂ ಪಕಾರವು ಹಕಾರವಾದ ಮೇಲೆಯೇ ಹೋಗಿರಬೇಕು. 1674ರಲ್ಲಿ ಪಟ್ಟಾಭಿಷಿಕ್ತನಾದ ಶಿವಾಜಿ ಹೊರಡಿಸಿದ ಚಿನ್ನದ ನಾಣ್ಯಕ್ಕೂ ‘ಶಿವರಾಯಿ ಹೋನ್’ ಎಂದೇ ಹೆಸರು.

ಓಕಾರವು ಊಕಾರವಾದುದೇಕೆ? ಪಾರಸಿ ಲಿಪಿಯಲ್ಲಿ ‘ವಾವ್’ ಎಂಬ ಒಂದೇ ಅಕ್ಷರವು ಓಕಾರಕ್ಕೂ ಊಕಾರಕ್ಕೂ ನಿಲ್ಲುತ್ತದೆ. ನಕಾರ ಣಕಾರಗಳ ಭೇದವೂ ಅಲ್ಲಿಲ್ಲ. ಹೊನ್, ಹೂನ್, ಹೂಣ ಮೂರೂ ಆ ಲಿಪಿಯಲ್ಲಿ ಒಂದೇ ರೂಪ ತಾಳಬಲ್ಲವು. ನಾಗರಿಯಲ್ಲಿಯೋ ಕನ್ನಡದಲ್ಲಿಯೋ ಬರೆದಿದ್ದರೆ ಈ ಗೊಂದಲಕ್ಕೆ ಆಸ್ಪದವೇ ಇರುತ್ತಿರಲಿಲ್ಲ.

ನಾಣ್ಯದ ಶಕ್ತಿಯನ್ನು ತಿಳಿಯಲು ಫರಿಷ್ತಾನ ಗ್ರಂಥವನ್ನು ನೋಡಬೇಕು. ಬಹಮನಿಯ ಮೊದಲನೆಯ ಮುಹಮ್ಮದ್ ಷಾ (1358-1375) ತನ್ನ ಹೆಸರಿನ ಚಿನ್ನದ ನಾಣ್ಯಗಳನ್ನು ಅಚ್ಚುಹಾಕಿಸಿದನಂತೆ. ವಿಜಯನಗರ, ತೆಲಂಗಾಣಗಳ ಅರಸರ ಪ್ರೇರಣೆಯಿಂದ ಸರಾಫರು ಅವನ್ನು ಕೈಗೆ ಬಂದಂತೆಲ್ಲ ಕರಗಿಸಿ, ಹೂನ್ ಮತ್ತು ಪ್ರತಾಪ ಎಂಬ ಹಳೆಯ ನಾಣ್ಯಗಳೇ ಚಲಾವಣೆಯಲ್ಲಿರುವಂತೆ ನೋಡಿಕೊಂಡರಂತೆ. ಕೊನೆಗೆ ಸುಲ್ತಾನನು 1360ರಲ್ಲಿ ಅವರನ್ನು ಕೊಲ್ಲಿಸಿದನೆಂದು ಆತ ಬರೆಯುತ್ತಾನೆ. ಎರಡೂವರೆ ಶತಮಾನ ಕಳೆದ ಮೇಲೆ ಬಿಜಾಪುರದಲ್ಲಿ ಕುಳಿತು ಬರೆದವನ ಮಾತನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಆ ಫರಿಷ್ತಾನೇ ಹಣದ ಮೊತ್ತಗಳನ್ನು ಹೂನಿನಲ್ಲಿ ಕೊಡುತ್ತಾನೆಂಬುದು ಗಮನಾರ್ಹ. ಸರಾಫರು ಸತ್ತರೂ ಶಬ್ದ ಸಾಯಲಿಲ್ಲ.

ಮುಂದೆ ಈ ನಾಣ್ಯವು ಯುದ್ಧಕ್ಕೂ ನೆಪವಾಯಿತು. 1636ರ ಒಪ್ಪಂದದಂತೆ ಗೋಲ್ಕೊಂಡವು ಮೊಗಲರಿಗೆ ವರ್ಷಕ್ಕೆ 2 ಲಕ್ಷ ಹೂನ್ ಕಪ್ಪ ಕೊಡಬೇಕಾಗಿತ್ತು. ಕುತುಬಷಾಹನು ಹೂನಿಗೆ 4 ರೂಪಾಯಿಯಂತೆ 8 ಲಕ್ಷ ರೂಪಾಯಿ ಸಲ್ಲಿಸುತ್ತಿದ್ದನು. ಕ್ರಮೇಣ ಹೂನಿನ ಬೆಲೆ ನಾಲ್ಕೂವರೆಗೆ, ಬಳಿಕ 5 ರೂಪಾಯಿಗೆ ಏರಿತು. ದಖ್ಖನದ ಸುಬೇದಾರನಾಗಿದ್ದ ಔರಂಗಜೇಬನು ಹಿಂದಿನ ವರ್ಷಗಳ ವ್ಯತ್ಯಾಸವೆಂದು 20 ಲಕ್ಷ ರೂಪಾಯಿ ಕೇಳಿದನೆಂದು ಜದುನಾಥ ಸರ್ಕಾರರು ತೋರಿಸಿಕೊಟ್ಟಿದ್ದಾರೆ. 1656ರ ಗೋಲ್ಕೊಂಡದ ದಾಳಿಗೆ ಮೀರ್ ಜುಮ್ಲಾನ ಪ್ರಕರಣವು ತಕ್ಷಣದ ಕಾರಣವಾದರೂ ಈ ಲೆಕ್ಕದ ಜಗಳ ಅದರ ಹಿಂದೆ ಇತ್ತು. ಮರುವರ್ಷ, 1657ರಲ್ಲಿ, ಬೀದರಿನ ಕೋಟೆಯೂ ಕಲ್ಯಾಣದ ಕೋಟೆಯೂ ಅವನ ವಶವಾದುವು. ಹೊನ್ನಿನ ಹೆಸರು ಬಳಕೆಯಲ್ಲಿದ್ದ ಪೇಟೆಗೆ ರೂಪಾಯಿಯ ಒಡೆಯರು ಬಂದರು.

ಇಷ್ಟು ಹೇಳಿದ ಮೇಲೆ ಓದುಗರು ‘ಹಾಗಾದರೆ ಹುಮನಾಬಾದ್ ಎಂಬ ಹೆಸರಿನಲ್ಲಿರುವುದೂ ಹೊನ್ನೇ ಅಲ್ಲವೇ?’ ಎಂದು ಕೇಳಬಹುದು. ನಮಗೂ ಆ ಆಸೆ ಹುಟ್ಟಿದ್ದುಂಟು. ‘ಆಬಾದ್’ ಎಂಬುದು ಪಾರಸಿಯಲ್ಲಿ ಜನವಸತಿಯುಳ್ಳ ಊರು; ಅದರಲ್ಲಿ ವಿವಾದವಿಲ್ಲ. ಆದರೆ ಪೂರ್ವಪದದ ಮಕಾರವನ್ನು ಬದಿಗೊತ್ತಿ ‘ಹೊನ್ನಿನ ಊರು’ ಎನ್ನುವುದು ಹೂನನ್ನು ಹೂಣರಿಗೆ ಕೊಟ್ಟಷ್ಟೇ ಅವಸರದ ಕೆಲಸ. ಊರಿನ ಹೆಸರನ್ನು ಅದರ ಹಳೆಯ ಬರಹರೂಪಗಳಿಂದಲೇ ನಿರ್ಣಯಿಸಬೇಕು, ಕಿವಿಯಿಂದಲ್ಲ.

1818ರಲ್ಲಿ ಕಂಪೆನಿ ಸರ್ಕಾರವು ಮದರಾಸಿನಲ್ಲಿ ಬೆಳ್ಳಿಯ ರೂಪಾಯಿಯನ್ನು ಪ್ರಮಾಣನಾಣ್ಯವನ್ನಾಗಿ ಮಾಡಿತು. ಹೊನ್ನು ಅಲ್ಲಿಯ ಲೆಕ್ಕದ ಪುಸ್ತಕಗಳಿಂದ ಮರೆಯಾಯಿತು. ಉರ್ದುವಿನಲ್ಲಿ ಮಾತ್ರ ‘ಹುನ್ ಬರಸನಾ’ ಎಂಬ ನುಡಿಗಟ್ಟು ಉಳಿದುಕೊಂಡಿದೆ. ‘ಹೊನ್ನಿನ ಮಳೆ ಸುರಿಯುವುದು’, ಎಂದರೆ ಸಂಪತ್ತು ತುಂಬಿ ತುಳುಕುವುದು, ಎಂದು ಅದರ ಅರ್ಥ. ಕನ್ನಡದ ಗಂಧವನ್ನೇ ಅರಿಯದ ಉತ್ತರದವರ ಉರ್ದು ನಿಘಂಟುಗಳಲ್ಲಿಯೂ ಅದು ದೊರೆಯುತ್ತದೆ.