ಕಾಯಿ ಹಣ್ಣಾಗುವ ದಾರಿ

ಪಗಡೆಯ ಹಾಸನ್ನೆಲ್ಲ ಸುತ್ತಿ, ಎದುರಾಳಿಯ ಕೈಗೆ ಸಿಕ್ಕದೆ ನಡುಮನೆಯನ್ನು ಸೇರಿದ ಕಾಯಿಯನ್ನು ಕುರಿತು ನಮ್ಮ ಜನ ‘ಕಾಯಿ ಹಣ್ಣಾಯಿತು’ ಎನ್ನುತ್ತಾರೆ. ಆಟದ ಗುರಿಗೆ ಪಕ್ವತೆಯ ಹೆಸರನ್ನಿಟ್ಟ ಈ ಮಾತು ಬಿತ್ತಿ ಬೆಳೆದು ಕಾದು ಕೊಯ್ಯುವವರ ಬಾಯಿಂದಲ್ಲದೆ ಹುಟ್ಟುವಂತಹುದಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳೆಂಬ, ತುಂಗಭದ್ರೆಯನ್ನು ಒಂದು ಅಂಚಿನಲ್ಲಿಟ್ಟುಕೊಂಡೂ ಬಹುಪಾಲು ಮುಗಿಲನ್ನೇ ನೆಚ್ಚಿ ಬದುಕಿದ ನಮ್ಮ ಸೀಮೆಯಲ್ಲಿ ಈ ಆಟ ತಲೆಮಾರುಗಳ ಕಾಲ ಬಾಳಿದುದಕ್ಕೆ ವಿನೋದವೊಂದೇ ಕಾರಣವಾಗಿದ್ದಿತೆಂದು ನಾನು ನಂಬಲಾರೆ.

ಶಿವರಾತ್ರಿಯ ಜಾಗರಣೆಯಂದು ನನ್ನ ಅಜ್ಜಿ ಪಡಸಾಲೆಯ ನೆಲದ ಮೇಲೆ ಸುಣ್ಣದ ಗೆರೆಗಳಿಂದ ಕಟ್ಟೆಮನೆಯನ್ನು ಬರೆದು, ಹುಣಸೆಬೀಜಗಳನ್ನು ಕಲ್ಲಿಗೆ ತಿಕ್ಕಿ ಒಂದು ಮಗ್ಗುಲು ಬಿಳಿದು ಮಾಡಿ, ಮೊಮ್ಮಕ್ಕಳನ್ನು ಸುತ್ತ ಕೂಡಿಸಿಕೊಳ್ಳುತ್ತಿದ್ದಳು. ಬೇಕಾದ ಗರ ಬೀಳದೆ ನಾನು ಮುಖ ಗಂಟಿಕ್ಕಿದರೆ, “ತಮ್ಮಾ, ಗರ ಬೀಳೋದು ಶಿವನ ಇಚ್ಛೆ, ಕಾಯಿ ನಡಸೋದು ನಿನ್ನ ಬುದ್ಧಿ” ಎನ್ನುತ್ತಿದ್ದಳು. ಲೋಕದ ಅನೇಕ ಜನಾಂಗಗಳು ಸಾವಿರಾರು ವರ್ಷಗಳಿಂದ ದಾಳದ ಆಟವನ್ನು ಬಿಡದೆ ಆಡಿಕೊಂಡು ಬಂದುದರ ಮರ್ಮವೆಲ್ಲ ಆ ಒಂದು ಮಾತಿನಲ್ಲಿ ಅಡಗಿದೆಯೆಂಬುದು ನನಗೆ ತಿಳಿದುದು ಬಹುಕಾಲದ ಮೇಲೆ.

ಈ ಆಟದ ಪೂರ್ವೇತಿಹಾಸವನ್ನರಸುತ್ತ ಹೊರಟವನಿಗೆ ಮೊದಲ ಗುರುತು ನಮ್ಮ ನೆಲದ ಅಂಚಿನಲ್ಲೇ ದೊರೆಯುತ್ತದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆಹವಮಲ್ಲ ಸೋಮೇಶ್ವರನು ಗುಣವಾಗದ ರೋಗದಿಂದ ನೊಂದು, 1068ರಲ್ಲಿ ತುಂಗಭದ್ರೆಯಲ್ಲಿ ಜಲಸಮಾಧಿಯನ್ನು ಹೊಂದಿದುದು ಮಲ್ಲಿಕಾರ್ಜುನ ದೇಗುಲವಿರುವ ಕುರುವತ್ತಿಯಲ್ಲಿ. ಅವನ ಮಗ ಆರನೆಯ ವಿಕ್ರಮಾದಿತ್ಯ; ಮೊಮ್ಮಗ ಭೂಲೋಕಮಲ್ಲನೆಂಬ ಬಿರುದಿನ ಮೂರನೆಯ ಸೋಮೇಶ್ವರ. ಈ ಮೊಮ್ಮಗನು 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ರಾಜನೀತಿಯಿಂದ ಪಾಕಶಾಸ್ತ್ರದವರೆಗೆ ಅರಸನು ಅರಿಯತಕ್ಕ ಸಮಸ್ತ ವಿಷಯಗಳನ್ನೂ ನೂರು ಅಧ್ಯಾಯಗಳಲ್ಲಿ ನಿರೂಪಿಸುವ ಗ್ರಂಥ. ಅದರ ಕಡೆಯ ಭಾಗವಾದ ಕ್ರೀಡಾವಿಂಶತಿಯಲ್ಲಿ ಚತುರಂಗದ ಮಗ್ಗುಲಲ್ಲಿಯೇ ಪಾಶಕಕ್ರೀಡೆಗೂ ವರಾಟಿಕಾಕ್ರೀಡೆಗೂ, ಅಂದರೆ ದಾಳದ ಆಟಕ್ಕೂ ಕವಡೆಯ ಆಟಕ್ಕೂ, ಪ್ರತ್ಯೇಕವಾದ ಸ್ಥಾನವಿದೆ. ಬಾಗಳಿಯ ಕಲ್ಲೇಶ್ವರ, ಅಂಬಳಿಯ ಕಲ್ಲೇಶ್ವರಗಳಂತಹ ದೇಗುಲಗಳನ್ನು ಈ ಸೀಮೆಯಲ್ಲಿ ಬಿಟ್ಟುಹೋದ ಆ ಕಾಲದ ಅರಸನೊಬ್ಬನು ದಾಳ ಕವಡೆಗಳನ್ನು ಶಾಸ್ತ್ರದ ಪದವಿಗೆ ಏರಿಸಿದನೆಂಬುದು ನಾವು ಮರೆಯಬಾರದ ಸಂಗತಿ.

ಕನ್ನಡ ಕಾವ್ಯದಲ್ಲಿ ಇದರ ಹೆಜ್ಜೆ ಇನ್ನೂ ಹಿಂದಿನದು. ಹಳಗನ್ನಡದಲ್ಲಿ ಈ ಆಟಕ್ಕೆ ‘ನೆತ್ತ’ವೆಂದು ಹೆಸರು. 941ರಲ್ಲಿ ಪಂಪನು ರಚಿಸಿದ ‘ವಿಕ್ರಮಾರ್ಜುನ ವಿಜಯ’ದಲ್ಲಿ ದುರ್ಯೋಧನನ ಮಡದಿ ಭಾನುಮತಿಯು ನೆತ್ತವಾಡಿ ಸೋತುದನ್ನೂ, ಅವಳ ಕೊರಳ ಮುತ್ತುಗಳು ಚೆಲ್ಲಿದುದನ್ನೂ ಹೇಳುವ ಪದ್ಯವೊಂದುಂಟು, ಆಕೆ ಆಡಿದುದು ಗಂಡನೊಡನೆಯೊ ಕರ್ಣನೊಡನೆಯೊ ಎಂಬುದನ್ನು ಕುರಿತು ನಮ್ಮ ವಿದ್ವಾಂಸರು ದೀರ್ಘವಾದ ಚರ್ಚೆಯನ್ನೇ ನಡೆಸಿದ್ದಾರೆ. ಅಂತಃಪುರದ ಹೆಂಗಸು ಸರಿಸಮಳಾಗಿ ಕುಳಿತು ಆಡುವ ಆಟ ಇದಾಗಿದ್ದಿತೆಂಬುದು ಮಾತ್ರ ಆ ಪದ್ಯದಿಂದ ಸ್ಪಷ್ಟ. ಎಲ್ಲೋರದ ಗುಹೆಗಳ ಶಿಲ್ಪಿಗಳಾದರೋ ಶಿವಪಾರ್ವತಿಯರನ್ನೇ ದಾಳದ ಮುಂದೆ ಎದುರುಬದುರು ಕೂಡಿಸಿದರು. ಬಲಿಪಾಡ್ಯಮಿಗೆ ದ್ಯೂತಪ್ರತಿಪದೆಯೆಂಬ ಹೆಸರು ಬಂದುದಕ್ಕೂ ಹಿನ್ನೆಲೆಯಾಗಿ ಆ ದಂಪತಿಗಳ ಆಟದ ಕಥೆಯೇ ಇದೆ.

ನಮ್ಮ ನೆರೆಯ ಹಂಪೆಯ ಮಂಟಪಗಳಲ್ಲಿ ತಲೆತಗ್ಗಿಸಿ ನಡೆದವರಿಗೆ ನೆಲಗಲ್ಲುಗಳ ಮೇಲೆ ಕೊರೆದ ಆಟದ ಮನೆಗಳು ಇಂದಿಗೂ ಕಾಣುತ್ತವೆ. ಕಾವಲುಗಾರನೋ ವರ್ತಕನೋ ಯಾತ್ರಿಕನೋ ಬಿಡುವಿನ ಹೊತ್ತಿನಲ್ಲಿ ಉಳಿಯಿಂದ ಗೀಚಿ ಬಿಟ್ಟುಹೋದ ಶಾಸನಗಳವು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹೊಸ ಹೊಸ ಮಣೆಯಾಟಗಳನ್ನು ಕಲ್ಪಿಸಿ, ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ನಿಧಿಯಾದ ಕೌತುಕನಿಧಿಯನ್ನು ಇಂಥ ಕ್ರೀಡೆಗಳಿಗೆ ಮೀಸಲಿಟ್ಟು, ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಅವನ್ನು ಚಿತ್ರಿಸಿದರು. ಆದರೆ 1800ರಲ್ಲಿ ನಿಜಾಮನಿಂದ ಕಂಪನಿ ಸರಕಾರಕ್ಕೆ ಸೇರಿ, 1953ರ ಅಕ್ಟೋಬರ್ 1ರವರೆಗೆ ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದ ನಮ್ಮ ಸೀಮೆಗೆ ಆ ಅರಮನೆಯ ಆಶ್ರಯ ಮುಟ್ಟಲಿಲ್ಲ. ಇಲ್ಲಿ ಪಗಡೆ ಬಾಳಿದುದು ಗುಡಿಯ ಜಗಲಿಯ ಮೇಲೆ, ಅರಳಿಕಟ್ಟೆಯ ನೆರಳಿನಲ್ಲಿ, ಇದ್ದಿಲಿನ ಗೆರೆಗಳ ನಡುವೆ, ಹೊಲಿದ ಬಟ್ಟೆಯ ಹಾಸುಗಳ ಮಡಿಕೆಗಳಲ್ಲಿ.

ಪಗಡೆಯ ಹಾಸು ನಾಲ್ಕು ತೋಳುಗಳುಳ್ಳ ಶಿಲುಬೆಯಾಕಾರದ್ದು. ಒಂದೊಂದು ತೋಳಿನಲ್ಲಿ ಮೂರು ಸಾಲು, ಸಾಲಿಗೆ ಎಂಟು ಮನೆ, ಹೀಗೆ ತೋಳಿಗೆ 24ರಂತೆ ಒಟ್ಟು 96 ಮನೆಗಳು. ನಾಲ್ಕು ಬಣ್ಣದ 16 ಕಾಯಿಗಳು. ಉರುಳಿಸುವುದಕ್ಕೆ ನಾಲ್ಕು ಮುಖಗಳ ಉದ್ದನೆಯ ದಾಳಗಳು. ಅದರ ಬಡ ತಂಗಿಯಾದ ಕಟ್ಟೆಮನೆ ಅಥವಾ ಚೌಕಾಬಾರಕ್ಕೆ ನೆಲದ ಮೇಲಿನ 25 ಮನೆಗಳೂ ನಾಲ್ಕು ಕವಡೆಗಳೂ ಸಾಕು: ಹೊರಸುತ್ತು 16 ಮನೆ, ಒಳಸುತ್ತು ಎಂಟು, ನಡುವಿನ ಒಂದರಲ್ಲಿ ಕಾಯಿ ಹಣ್ಣು. ಎದುರಾಳಿಯ ಕಾಯೊಂದನ್ನಾದರೂ ಕಡಿಯದವನಿಗೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬ ಕಟ್ಟಳೆ ಹಲವು ಮನೆಗಳಲ್ಲಿದೆ. ಕಟ್ಟೆಯೇರಿದ ಕಾಯಿಗೆ ಭಯವಿಲ್ಲ. ಎರಡು ಕಾಯಿ ಒಂದುಗೂಡಿ ‘ಗಟ್ಟಿ’ಯಾದರೆ ಒಂಟಿಕಾಯಿಯಿಂದ ಅದನ್ನು ಕಡಿಯಲಾಗದು.

ಪಗಡೆಯ ದೂರದ ದಾಯಾದಿಯೇ ಪಶ್ಚಿಮದ ಬ್ಯಾಕ್‌ಗ್ಯಾಮನ್. ಅದಕ್ಕೆ ಹಿರಿಯದಾದ ಪಾರಸಿಕರ ನರ್ದ್ ಆಟದ ಹುಟ್ಟನ್ನು ಹೇಳುವ ಪಹ್ಲವಿ ಕಥೆಯೊಂದರಲ್ಲಿ ಹಿಂದೂದೇಶದ ದೊರೆಯು ಚತುರಂಗವನ್ನು ಒಗಟಾಗಿ ಖುಸ್ರೋ ಅರಸನ ಆಸ್ಥಾನಕ್ಕೆ ಕಳುಹಿಸುತ್ತಾನೆ. ಮಂತ್ರಿ ಬುಜುರ್ಗ್‌ಮಿಹ್ರನು ಅದನ್ನು ಬಿಡಿಸಿ, ಮರುಸವಾಲಾಗಿ ನರ್ದನ್ನು ನಿರ್ಮಿಸಿ, ಅದರ ಮೂವತ್ತು ಕಾಯಿಗಳನ್ನು ತಿಂಗಳ ಮೂವತ್ತು ಹಗಲಿರುಳುಗಳಿಗೆ ಹೋಲಿಸುತ್ತಾನೆ. ಬುದ್ಧಿಯೊಂದನ್ನೇ ನೆಚ್ಚಿದ ಆಟಕ್ಕೆ ಬುದ್ಧಿಯನ್ನೂ ವಿಧಿಯನ್ನೂ ಕೂಡಿಸಿದ ಆಟ ಉತ್ತರವಾಯಿತೆಂಬ ಈ ಕಲ್ಪನೆ ಎಷ್ಟು ಗಂಭೀರವಾದುದು! ಇಂದಿನ ಬ್ಯಾಕ್‌ಗ್ಯಾಮನ್ನಿನಲ್ಲಿಯೂ ಕಾಯಿಗಳು ಒಬ್ಬೊಬ್ಬನಿಗೆ ಹದಿನೈದು, ಮನೆಗಳು 24. ಅಲ್ಲಿಯೂ ಒಂಟಿಕಾಯಿಗೆ ಅಪಾಯ, ಜೋಡಿಕಾಯಿಗೆ ಅಭಯ. ಆರು ಮನೆಗಳಲ್ಲಿ ಸಾಲಾಗಿ ಜೋಡಿಗಳನ್ನು ನಿಲ್ಲಿಸಿದರೆ ಯಾವ ದಾಳವೂ ದಾಟಲಾಗದ ಕೋಟೆಯಾಗುತ್ತದೆ.

ಈ ಆಟಗಳಲ್ಲಿ ತಂತ್ರವೆಂಬುದು ಎಲ್ಲಿದೆ ಎಂದು ಕೇಳುವವರಿಗೆ ಅಜ್ಜಿಯ ಹುಣಸೆಬೀಜಗಳೇ ಉತ್ತರ ಹೇಳುತ್ತವೆ. ನಾಲ್ಕು ಬೀಜಗಳು, ಎರಡು ಮುಖಗಳಿಗೂ ಸಮಾನ ಅವಕಾಶವುಂಟೆಂದು ಎಣಿಸಿದರೆ, 16 ಬಗೆಗಳಲ್ಲಿ ಬೀಳಬಲ್ಲವು. ಅವುಗಳಲ್ಲಿ ಎರಡರ ಗರ ಬೀಳುವುದು ಆರು ಬಗೆಗಳಲ್ಲಿ. ಒಂದು ಮತ್ತು ಮೂರು ತಲಾ ನಾಲ್ಕು ಬಗೆಗಳಲ್ಲಿ. ಎಲ್ಲ ಬೀಜಗಳೂ ಒಂದೇ ಮಗ್ಗುಲಾಗಿ ಬಿದ್ದಾಗ ಬರುವ ನಾಲ್ಕು ಮತ್ತು ಎಂಟು ತಲಾ ಒಂದೇ ಬಗೆಯಲ್ಲಿ. ಹಗೆಯ ಕಾಯಿಗಿಂತ ಎರಡು ಮನೆ ಮುಂದೆ ನಿಂತವನು 16ರಲ್ಲಿ ಆರು ಸಲ ಕಡಿಸಿಕೊಳ್ಳುತ್ತಾನೆ. ನಾಲ್ಕು ಮನೆ ಮುಂದೆ ನಿಂತವನಿಗೆ ಆ ಭಯ ಒಂದೇ ಸಲ. ಅಕ್ಷರವನ್ನೇ ಕಾಣದ ಹೆಂಗಸರು ಲೆಕ್ಕ ಬರೆಯದೆಯೇ ಇದನ್ನು ಬೆರಳ ತುದಿಯಲ್ಲಿ ಅರಿತಿದ್ದರು. ಬ್ಯಾಕ್‌ಗ್ಯಾಮನ್ನಿನ ಎರಡು ದಾಳಗಳು ಬೀಳುವುದು 36 ಬಗೆಗಳಲ್ಲಿ. ಅಲ್ಲಿ ಒಂದು ಮನೆಯಾಚೆಗಿನ ಒಂಟಿಕಾಯಿಯನ್ನು ಹೊಡೆಯಬಲ್ಲವು 11, ಆರು ಮನೆಯಾಚೆಗಿನದನ್ನು 17, ಏಳು ಮನೆಯಾಚೆಗಿನದನ್ನು ಬರಿಯ ಆರು. ಒಂದು ಹೆಜ್ಜೆ ಮುಂದಿಟ್ಟ ಮಾತ್ರದಿಂದ ಅಪಾಯವು ಸುಮಾರು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆಂಬುದನ್ನು ಬಲ್ಲವನಿಗೂ ಅರಿಯದವನಿಗೂ ನಡುವಿನ ಅಂತರವೇ ಕೌಶಲ. 1992ರಲ್ಲಿ ಐಬಿಎಂ ಸಂಸ್ಥೆಯ ಜೆರಾಲ್ಡ್ ಟೆಸೌರೊ ರಚಿಸಿದ ಯಂತ್ರಕ್ರಮವೊಂದು ತನ್ನೊಡನೆ ತಾನೇ ಆಡಿ ಆಡಿ ಈ ವಿದ್ಯೆಯನ್ನು ಕಲಿತು, ಪಳಗಿದ ಆಟಗಾರರೇ ತಮ್ಮ ಕೆಲವು ಆರಂಭದ ನಡೆಗಳನ್ನು ಮರುಪರಿಶೀಲಿಸುವಂತೆ ಮಾಡಿತು.

ದಾಳದ ಹೃದಯದಲ್ಲಿ ಗಣನೆಯಿದೆಯೆಂಬ ಅರಿವು ನಮ್ಮ ಪುರಾಣಕ್ಕೆ ಹೊಸದಲ್ಲ. ಕನಕದಾಸರು ಷಟ್ಪದಿಯಲ್ಲಿ ಹಾಡಿದ ನಳನ ಚರಿತೆಯನ್ನು ಕೇಳದ ಹಳ್ಳಿ ನಮ್ಮಲ್ಲಿಲ್ಲ. ಜೂಜಿನಲ್ಲಿ ರಾಜ್ಯವನ್ನು ನೀಗಿಕೊಂಡ ನಳನು ಋತುಪರ್ಣನ ಸಾರಥಿಯಾಗಿ ಹೋಗುತ್ತಿರುವಾಗ, ಆ ಅರಸನು ದಾರಿಯ ತಾರೆಮರವೊಂದರ ಎಲೆ ಕಾಯಿಗಳ ಸಂಖ್ಯೆಯನ್ನು ನೋಡಿದ ಮಾತ್ರದಿಂದಲೇ ಹೇಳಿಬಿಡುತ್ತಾನೆ. ನಳನು ಎಣಿಸಿ ನೋಡಿ ಬೆರಗಾಗಿ, ತನ್ನ ಅಶ್ವವಿದ್ಯೆಯನ್ನು ಕೊಟ್ಟು ಅಕ್ಷಹೃದಯವೆಂಬ ಆ ದಾಳದ ವಿದ್ಯೆಯನ್ನು ಪಡೆಯುತ್ತಾನೆ. ಎಣಿಕೆಯ ವಿದ್ಯೆಯನ್ನೂ ದಾಳದ ವಿದ್ಯೆಯನ್ನೂ ಒಂದೇ ಉಸಿರಿನಲ್ಲಿ ಹೇಳಿದ ಈ ಕಥೆ ಎಷ್ಟು ಪ್ರಾಚೀನವಾದುದೆಂಬುದನ್ನು ನೆನೆದರೆ ನಮ್ಮ ಹಿರಿಯರ ಸೂಕ್ಷ್ಮದೃಷ್ಟಿಗೆ ತಲೆ ಬಾಗುತ್ತದೆ.

ಆದರೆ ಒಂದು ಗರದ ಲೆಕ್ಕಕ್ಕಿಂತಲೂ ಮೇಲಾದ ತಂತ್ರವೊಂದಿದೆ. ನುರಿತ ಆಟಗಾರನು ಒಂದೇ ಗರಕ್ಕಾಗಿ ಬಾಯಿಬಿಡುತ್ತ ಕೂಡುವುದಿಲ್ಲ. ಏನು ಬಿದ್ದರೂ ಯಾವುದಾದರೊಂದು ಕಾಯಿಗೆ ಉಪಯೋಗವಾಗುವಂತೆ ತನ್ನ ಕಾಯಿಗಳನ್ನು ಹರಡಿಟ್ಟುಕೊಂಡಿರುತ್ತಾನೆ. ಇದನ್ನು ನಮ್ಮ ರೈತನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಎರೆಯಲ್ಲಾಗಲಿ ಮಸಾರಿಯಲ್ಲಾಗಲಿ ಅವನು ಜೋಳದ ಸಾಲುಗಳ ನಡುವೆ ತೊಗರಿ, ಅಲಸಂದೆ, ಹೆಸರು, ಹರಳುಗಳ ಅಕ್ಕಡಿ ಸಾಲನ್ನು ಬಿಡುತ್ತಿದ್ದನು: ಮುಂಗಾರು ಕೈಕೊಟ್ಟರೆ ಹಿಂಗಾರಿಗೆ ಒಂದು ಪೈರು, ಜೋಳ ಒಣಗಿದರೆ ಹಗೇವಿಗೆ ಹಿಡಿ ಕಾಳು. ಮಳೆ ಅವನ ಗರ. ಅಕ್ಕಡಿ ಅವನ ನಡೆ. ಧಾತು ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ನೆನೆಯುವ 1876–78ರ ಮಹಾಕ್ಷಾಮವು ಮದರಾಸು ಪ್ರಾಂತದಲ್ಲಿ ಅತಿಯಾಗಿ ಬಾಧಿಸಿದ ಜಿಲ್ಲೆಗಳಲ್ಲಿ ನಮ್ಮ ಸೀಮೆ ಆಗ ಸೇರಿದ್ದ ಬಳ್ಳಾರಿಯೂ ಒಂದು. ಯಾವ ನಡೆಯೂ ಉಳಿಸಲಾಗದಂತಹ ಗರಗಳೂ ಬೀಳುತ್ತವೆಂಬುದನ್ನು ಈ ಸೀಮೆ ಅನುಭವಿಸಿ ಅರಿತಿದೆ. ಅಂತಹ ವರ್ಷವನ್ನು ದಾಟಿಬಂದವರು ಮತ್ತೆ ಮರುವರ್ಷ ಕೂರಿಗೆ ಹಿಡಿದುದೂ, ಕಡಿಸಿಕೊಂಡ ಕಾಯಿಯನ್ನು ಮೊದಲ ಮನೆಯಿಂದ ಮತ್ತೆ ನಡೆಸುವುದೂ ಒಂದೇ ಮನೋಧರ್ಮದ ಎರಡು ರೂಪಗಳೆಂದು ನನ್ನ ನಂಬಿಕೆ.

ಈ ಆಟಕ್ಕೆ ಜೂಜಿನ ಕಳಂಕ ಅಂಟಿದೆಯೆಂಬುದನ್ನು ಮರೆಮಾಚಬೇಕಾಗಿಲ್ಲ. ಕುಮಾರವ್ಯಾಸನ ಸಭಾಪರ್ವವನ್ನು ಕೇಳಿದವರಾರೂ ದಾಳದ ಸದ್ದನ್ನು ನಿಶ್ಚಿಂತೆಯಿಂದ ಆಲಿಸಲಾರರು. ಧರ್ಮರಾಯನ ಕೇಡಿಗೆ ಶಕುನಿಯ ಕಪಟವೊಂದೇ ಕಾರಣವಲ್ಲ. ಕರೆದಾಗ ಒಲ್ಲೆನೆನ್ನಬಾರದೆಂಬ ಅವನ ವ್ರತವೂ ಅಷ್ಟೇ ಕಾರಣ. 1920ರ ದಶಕದಲ್ಲಿ ನ್ಯೂಯಾರ್ಕಿನ ಆಟಗಾರರು ಬ್ಯಾಕ್‌ಗ್ಯಾಮನ್ನಿಗೆ ಸೇರಿಸಿದ ಹೊಸ ನಿಯಮವೊಂದು ಈ ವ್ರತದ ದೋಷವನ್ನು ಅಂಕಿಗಳಲ್ಲಿ ತೋರಿಸುತ್ತದೆ. ಆಟದ ನಡುವೆ ಒಬ್ಬನು ಪಣವನ್ನು ಇಮ್ಮಡಿಗೊಳಿಸೆಂದು ಕೇಳಬಹುದು. ಮತ್ತೊಬ್ಬನು ಒಪ್ಪಬಹುದು, ಅಥವಾ ಒಂದು ಪಣವನ್ನು ತೆತ್ತು ಏಳಬಹುದು. ನಾಲ್ಕರಲ್ಲಿ ಒಂದು ಸಲವಾದರೂ ಗೆಲ್ಲುವ ಆಸೆಯಿದ್ದರೆ ಒಪ್ಪಬೇಕು; ಏಕೆಂದರೆ ಮೂರು ಸಲ ಸೋತು ಆರು ಪಣ ಕಳೆದು ಒಂದು ಸಲ ಗೆದ್ದು ಎರಡನ್ನು ಪಡೆದರೆ ಒಟ್ಟು ನಷ್ಟ ನಾಲ್ಕು, ನಾಲ್ಕೂ ಸಲ ಎದ್ದುಹೋದರೂ ನಷ್ಟ ಅಷ್ಟೇ. ಆಸೆ ಅದಕ್ಕಿಂತ ಕಡಿಮೆಯಾದರೆ ಏಳುವುದೇ ವಿವೇಕ. ಏಳಬೇಕಾದ ಹೊತ್ತಿನಲ್ಲಿ ಏಳುವುದನ್ನು ಕಲಿಸುವ ಆಟವು ಏಳಲಾರದೆ ಕೆಟ್ಟ ಅರಸನ ಕಥೆಗೆ ಭಾಷ್ಯವಾಗಿ ನಿಲ್ಲುತ್ತದೆ. ನಮ್ಮ ಜಗಲಿಗಳ ಮೇಲೆ ಪಣವಿಲ್ಲದೆ ಆಡಿದ ಹೆಂಗಸರು ಮಕ್ಕಳು ಈ ವಿದ್ಯೆಯ ವಿಷವನ್ನು ತೆಗೆದು ಅಮೃತವನ್ನಷ್ಟೇ ಉಳಿಸಿಕೊಂಡವರು.

ಇಂದು ನಮ್ಮ ಮಕ್ಕಳು ಮೊಬೈಲಿನಲ್ಲಿ ಆಡುವ ಲೂಡೊ ಭಾರತದ ಪಚ್ಚೀಸಿಯನ್ನು ಸರಳಗೊಳಿಸಿ 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಆಟ. ಮನೆಯ ಮಗಳು ಪರದೇಶದ ಉಡುಗೆಯುಟ್ಟು ತವರಿಗೆ ಮರಳಿದಂತೆ ಅದು ನಮ್ಮ ಬಳಿಗೆ ಬಂದಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ವೆಂಬ ಪ್ರದರ್ಶನಗಳ ಮೂಲಕ ಹಳೆಯ ಮಣೆಯಾಟಗಳನ್ನು ಜನರ ಕಣ್ಣಮುಂದೆ ತಂದಿರುವುದು ಸ್ತುತ್ಯವಾದ ಕಾರ್ಯ. ಆದರೆ ಊರೂರಿಗೂ ಮನೆಮನೆಗೂ ಬದಲಾಗುವ ಗಟ್ಟಿಯ ಕಟ್ಟಳೆ, ಕಡಿಯುವ ಕ್ರಮ, ಗರದ ಹೆಸರುಗಳನ್ನು ಯಾವ ಪ್ರದರ್ಶನವೂ ಸಂಪೂರ್ಣವಾಗಿ ಹಿಡಿದಿಡಲಾರದು. ಅವು ಮುದುಕಿಯರ ನೆನಪಿನಲ್ಲಿವೆ, ಅವರೊಡನೆಯೇ ಹೋಗುತ್ತಿವೆ.

ಆದುದರಿಂದ ಈ ಐದು ತಾಲ್ಲೂಕುಗಳ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ. ಬರುವ ಶಿವರಾತ್ರಿಯ ಇರುಳು ಮನೆಯ ಹಿರಿಯರ ಮುಂದೆ ನಾಲ್ಕು ಹುಣಸೆಬೀಜಗಳನ್ನಿಟ್ಟು ಕೂಡಿರಿ. ಅವರು ಹೇಳುವ ಕಟ್ಟಳೆಗಳನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿರಿ. ಪೆಟ್ಟಿಗೆಯ ತಳದಲ್ಲಿ ಪಗಡೆಯ ಹಾಸೊಂದಿದ್ದರೆ ಅದನ್ನು ಹಳೆಯ ಬಟ್ಟೆಯೆಂದು ಎಸೆಯದಿರಿ. ಒಂದು ಕಾಯಿ ಹಣ್ಣಾಗುವವರೆಗಾದರೂ ಮಕ್ಕಳೊಡನೆ ಕುಳಿತು ಆಡಿರಿ.