ಕೆಲಸ ಬಿಟ್ಟವರೋ, ಕೆಲಸ ಬಿಟ್ಟುಹೋದವರೋ?
(ಸೊಲ್ಲಾಪುರ–ಅಕ್ಕಲಕೋಟೆ ಸೀಮೆಯ ದುಡಿಮೆಗಾರರ ಚರಿತ್ರೆ)

ಒಂದು ಕೆಲಸದಲ್ಲಿ ನೆಲೆನಿಲ್ಲದವನನ್ನು ‘ಕಾಲಿಗೆ ಚಕ್ರ ಕಟ್ಟಿಕೊಂಡವನು’ ಎಂದು ಹಳಿಯುವುದುಂಟು. ಸೊಲ್ಲಾಪುರ ಸೀಮೆಯ ಚರಿತ್ರೆಯನ್ನು ಬಲ್ಲವರು ಈ ಮಾತನ್ನು ಒಪ್ಪಲಾರರು. ಇಲ್ಲಿ ದುಡಿಮೆಗಾರನು ಕೆಲಸವನ್ನು ಬಿಟ್ಟುದಕ್ಕಿಂತ ಕೆಲಸವೇ ಅವನನ್ನು ಬಿಟ್ಟುದು ಹೆಚ್ಚು.

ಅಕ್ಕಲಕೋಟೆಯ ಎರೆಭೂಮಿ ಹಿಂಗಾರಿ ಜೋಳಕ್ಕೆ ಹೆಸರಾದುದು. ಮಳೆ ಮಾತ್ರ ನಂಬಿಗೆಯದಲ್ಲ. 1860ರಲ್ಲಿ ಸೊಲ್ಲಾಪುರಕ್ಕೆ ರೈಲು ಬಂದಿತು. 1876–78ರ ಮಹಾಕ್ಷಾಮ ಹಳ್ಳಿಗಳನ್ನು ಹಿಂಡುತ್ತಿದ್ದಾಗಲೇ, 1877ರಲ್ಲಿ, ಜನರು ‘ಜೂನಿ ಗಿರಣಿ’ ಎಂದು ಕರೆದ ನೂಲು–ನೇಯ್ಗೆಯ ಗಿರಣಿ ಅಲ್ಲಿ ನಡೆಯತೊಡಗಿತು. ಮುಂದೆ ನರಸಿಂಗಗಿರಜಿ, ಲಕ್ಷ್ಮಿ, ವಿಷ್ಣು ಗಿರಣಿಗಳು ಎದ್ದವು. ಮಳೆಯನ್ನು ಕಾಯುವ ರೈತನಿಗೆ ತಿಂಗಳ ಪಗಾರ ದೊಡ್ಡ ಆಸರೆಯೆನಿಸಿದುದು ಸಹಜ. ತೆಲಂಗಾಣದ ಪದ್ಮಶಾಲಿ ನೇಕಾರರೂ ಇಲ್ಲಿಗೆ ಬಂದು ನೆಲಸಿದರು. ಗಿರಣಿಯ ಅರಿವೆ ಕೈಮಗ್ಗದ ಬೇಡಿಕೆಯನ್ನು ಕಸಿದರೂ ಗಿರಣಿಯ ನೂಲೇ ಆ ಮಗ್ಗಕ್ಕೆ ಆಹಾರವಾಯಿತು. ಆದುದರಿಂದ ಮಗ್ಗಕ್ಕೂ ಗಿರಣಿಗೂ ನಡುವಿನ ದಾರಿ ಎರಡೂ ಕಡೆಗೆ ತೆರೆದಿತ್ತು.

ಈ ಆಸರೆ ಎಷ್ಟು ತೆಳುವಾದುದೆಂಬುದು 1949ರ ಆಗಸ್ಟ್ 27ರಂದು ತಿಳಿಯಿತು. ಜೂನಿ ಗಿರಣಿ ಬಾಗಿಲು ಹಾಕಿತು. 1950ರ ಜನವರಿಯಲ್ಲಿ ಭಾರತ ಸರ್ಕಾರವು ಸುಗ್ರೀವಾಜ್ಞೆ ಹೊರಡಿಸಿ ಆಡಳಿತವನ್ನು ವಹಿಸಿಕೊಂಡಿತು. ಒದಗಿದ ನಿರುದ್ಯೋಗವೂ ಅದಕ್ಕೊಂದು ಕಾರಣವೆಂದು ಸಾರಿತು. ಆದರೆ ಸುಪ್ರೀಂ ಕೋರ್ಟಿನ ಮುಂದೆ ನಿಂತ ಪ್ರಶ್ನೆ ಷೇರುದಾರರ ಆಸ್ತಿಯ ಹಕ್ಕಿನದು. 1953ರ ಡಿಸೆಂಬರಿನಲ್ಲಿ ಆ ಕಾನೂನು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಾಯಿತು. ಷೇರು ಆಸ್ತಿಯೆನಿಸಿತು, ನೇಯುವವನ ಕೈಯ ಹದವನ್ನು ಆಸ್ತಿಯೆಂದು ಎಣಿಸುವ ಲೆಕ್ಕ ಎಲ್ಲಿಯೂ ಇರಲಿಲ್ಲ.

ಕಾಲಕ್ರಮದಲ್ಲಿ ಹಳೆಯ ದೊಡ್ಡ ಗಿರಣಿಗಳೆಲ್ಲ ನಿಂತವು. ಆ ಹದ ಮಾತ್ರ ಸಾಯಲಿಲ್ಲ. ಅಕ್ಕಲಕೋಟೆ ರಸ್ತೆಯ ಕೈಗಾರಿಕಾ ವಸಾಹತಿನಂಥ ಕಡೆಗಳಲ್ಲಿ ವಿದ್ಯುತ್ ಮಗ್ಗಗಳು ಚಾದರು, ಟವೆಲುಗಳನ್ನು ನೇಯ್ದವು. ಉದ್ಯಮ ಒಂದೇ ಆದರೂ ಧಣಿ ಬೇರೆ, ಕಟ್ಟಳೆ ಬೇರೆ. ದೊಡ್ಡ ಗಿರಣಿಯ ರಜೆ–ನಿವೃತ್ತಿಗಳ ಭದ್ರತೆ ಚಿಕ್ಕ ಕಾರಖಾನೆಯಲ್ಲಿ ದೊರೆಯುವುದು ಕಷ್ಟ. ಅಲ್ಲಿಯೂ ಸಾಲದವರು ಪುಣೆ, ಮುಂಬಯಿಗಳ ದಾರಿ ಹಿಡಿದರು.

ಹೆಂಗಸರ ಕಥೆ ಬೇರೆ. ಅನೇಕರು ಊರು ಬಿಡದೆ, ಹೊಸ್ತಿಲು ದಾಟದೆ ಬೀಡಿ ಕಟ್ಟಿ ಸಂಸಾರವನ್ನು ಹಿಡಿದು ನಿಲ್ಲಿಸಿದರು. ಬೀಡಿ ಕೆಲಸಗಾರರ ಕಾನೂನು ಬಂದುದು 1966ರಲ್ಲಿ. 2006ರಲ್ಲಿ ಅಕ್ಕಲಕೋಟೆ ದಾರಿಯ ಕುಂಭಾರಿಯಲ್ಲಿ ಬೀಡಿ ಹೆಂಗಸರಿಗಾಗಿ 10,000 ಮನೆಗಳ ವಸತಿ ಸಿದ್ಧವಾಯಿತು. ಗಂಡಸರ ಕೆಲಸಗಳು ಬದಲಾಗುತ್ತಿದ್ದ ಸೀಮೆಯಲ್ಲಿ ಮನೆಯ ಹಕ್ಕು ದೊರೆತುದು ಕೂತಲ್ಲೇ ದುಡಿದ ಈ ಕೈಗಳಿಗೆ!

ಶಿಕ್ಷಕರಾದ ನಮಗೆ ಇದರಲ್ಲಿ ಒಂದು ಪಾಠವಿದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ನೆರೆಯಲ್ಲಿ ತೆಲುಗು ಕೇಳಿ ಬೆಳೆದ ಮಗು ನಡುವರ್ಷದಲ್ಲಿ ಶಾಲೆ ಬಿಟ್ಟರೆ, ಹಾಜರಿ ಪುಸ್ತಕದಲ್ಲಿ ‘ಗೈರು’ ಎಂದು ಬರೆದು ಸುಮ್ಮನಾಗುವುದು ಸುಲಭ. ಯಾವ ಮಗ್ಗ ನಿಂತಿತು, ಯಾವ ಹೊಲ ಒಣಗಿತು ಎಂದು ಕೇಳಿದರೆ ಮಾತ್ರ ಆ ಗೈರಿನ ಅರ್ಥ ತಿಳಿದೀತು.